ಕಣದ ಮೂಲೆಯಲ್ಲಿ ಎರಡು ಕಡ್ಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೆಟ್‌ವರ್ಕಿನ ಗೋಳು. ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದಿದೆಯಲ್ಲ, ಬೇರೇನು ಬಂದೀತು. ಹೊಸ ಓದುಗರಿಗೆ ನನ್ನ ಪರಿಚಯ ಒಂದೇ ಸಾಲಿನಲ್ಲಿ: ಟೆಲಿಫೋನ್ ಇಲಾಖೆಗೆ ಆಪರೇಟರ್ ಆಗಿ ಸೇರಿ, ಪರೀಕ್ಷೆ ಕಟ್ಟಿ ಜೂನಿಯರ್ ಎಂಜಿನಿಯರ್ ಆಗಿ, ಈಗ ನಿವೃತ್ತಿಯಾಗಿ ಸೋಮವಾರಪೇಟೆ ಹತ್ತಿರ ನಾಲ್ಕು ಎಕರೆ ಕಾಫಿ ನೋಡಿಕೊಂಡಿರುವವಳು. ಉತ್ತರದಲ್ಲಿ ಕಂಬ, ಕೇಬಲ್, ಬ್ಯಾಟರಿ ಜಾಸ್ತಿಯಾದರೆ ಸಹಿಸಿಕೊಳ್ಳಿ. ಹಳೇ ಅಭ್ಯಾಸ.

ಅಕ್ಕ, ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುತ್ತೇನೆ. ಅಪ್ಪನಿಗೆ ಹುಷಾರಿಲ್ಲದ ಕಾರಣ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದು ಊರಿಗೆ ಬಂದಿದ್ದೇನೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಕಣದ ಮೂಲೆಯಲ್ಲಿ ಎರಡು ಕಡ್ಡಿ ಬರುತ್ತದೆ. ಮೀಟಿಂಗ್ ಇದ್ದಾಗ ಜೀಪು ಅಲ್ಲಿಗೆ ತಂದು ನಿಲ್ಲಿಸಿ ಒಳಗೆ ಕೂತು ಮಾತಾಡುತ್ತೇನೆ. ಒಬ್ಬರು ಎಂಟು ಸಾವಿರಕ್ಕೆ ಬೂಸ್ಟರ್ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಕಿಸಲೇ? — ನಾಪೋಕ್ಲು ಕಡೆಯ ಓದುಗರು

ಬೇಡ ತಂಗಿ. ಆ ಎಂಟು ಸಾವಿರ ಹಾಗೇ ಇಟ್ಟುಕೊಳ್ಳಿ, ಅದಕ್ಕೆ ಬೇರೆ ದಾರಿ ಹೇಳುತ್ತೇನೆ. ಅನುಮತಿ ಇಲ್ಲದೆ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದೂ ಮಾರುವುದೂ ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಬಿಡಿ, ಬೂಸ್ಟರ್ ಮಾಡುವ ಕೆಲಸ ನೋಡಿ. ಒಳ್ಳೆಯ ಸಿಗ್ನಲ್ಲು, ಗಲಾಟೆ ಎರಡನ್ನೂ ಒಟ್ಟಿಗೆ ಹಿಗ್ಗಿಸಿ ಟವರಿನ ಕಡೆ ಎರಚುತ್ತದೆ. ಒಳಗಿನ ಆಂಟೆನಾ ಹೊರಗಿನ ಆಂಟೆನಾಕ್ಕೆ ಹತ್ತಿರವಿದ್ದರೆ, ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ಕೀ ಎನ್ನುತ್ತದಲ್ಲ, ಹಾಗೆ ಅರಚಲು ಶುರು ಮಾಡುತ್ತದೆ. ಆಗ ನಿಮಗೊಬ್ಬರಿಗಲ್ಲ, ಆ ಟವರಿನಡಿ ಇರುವ ಇಡೀ ಊರಿಗೆ ತೊಂದರೆ.

ನಿಮ್ಮ ಕಣದ ಮೂಲೆಯೇ ನಿಮಗೆ ಉತ್ತರ ಕೊಟ್ಟಿದೆ. ಅಲ್ಲಿ ಮರದ ಅಡ್ಡ ಇಲ್ಲ, ಟವರಿನ ಕಡೆಗೆ ಗುಡ್ಡದ ಕಣಿವೆ ತೆರೆದಿದೆ ಅಂತ ಅರ್ಥ. ಕಡ್ಡಿ ಎಣಿಸುವುದು ಬಿಡಿ, ಕಡ್ಡಿಯ ಲೆಕ್ಕ ಒಂದೊಂದು ಫೋನಿನಲ್ಲಿ ಒಂದೊಂದು ತರಹ. ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಆ್ಯಪ್ ಹಾಕಿಕೊಳ್ಳಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಒದ್ದಾಟ, ಮೈನಸ್ 120 ಅಂದರೆ ದೇವರೇ ಗತಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಣದ ಸುತ್ತ ನಡೆದು ಬರೆದುಕೊಳ್ಳಿ. ಕಾಫಿ ಒಣಗಿತೋ ಇಲ್ಲವೋ ಎಂದು ಕಣದಲ್ಲಿ ಕೈಯಾಡಿಸಿ ನೋಡುವಷ್ಟೇ ತಾಳ್ಮೆಯಿಂದ.

ಒಳ್ಳೆಯ ಜಾಗ ಸಿಕ್ಕ ಮೇಲೆ ಅಲ್ಲೊಂದು ಜಿಐ ಪೈಪ್ ನಿಲ್ಲಿಸಿ. ಸಿಮ್ ಹಾಕುವ, ಆಂಟೆನಾ ಪೆಟ್ಟಿಗೆಯೊಳಗೇ ಇರುವ, ಮಳೆಗೆ ಒಡ್ಡಿ ಇಡಬಹುದಾದ 4ಜಿ ರೌಟರ್ ಸಿಗುತ್ತದೆ. ಅದನ್ನು ಪೈಪಿನ ತುದಿಗೆ ಕಟ್ಟಿ ಮುಖವನ್ನು ಟವರಿನತ್ತ ತಿರುಗಿಸಿ. ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ ಎಳೆಯಿರಿ. ಕರೆಂಟೂ ಅದೇ ಕೇಬಲಿನಲ್ಲಿ ಹೋಗುತ್ತದೆ, 100 ಮೀಟರ್‌ವರೆಗೆ ಚಿಂತೆಯಿಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಆಂಟೆನಾ ಮಾತ್ರ ಮೇಲಿಟ್ಟು, ರೌಟರನ್ನು ಮನೆಯೊಳಗಿಟ್ಟು, ನಡುವೆ ಹತ್ತಿಪ್ಪತ್ತು ಮೀಟರ್ ತೆಳ್ಳನೆಯ ಆಂಟೆನಾ ಕೇಬಲ್ ಎಳೆಯುತ್ತಾರೆ. ಆಂಟೆನಾ ಗಳಿಸಿದ್ದನ್ನೆಲ್ಲ ಆ ಕೇಬಲ್ಲೇ ತಿಂದು ಹಾಕುತ್ತದೆ. ಪೈಪಿಗೆ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಅರ್ಥಿಂಗನ್ನೂ ನಂಬದೆ ಲ್ಯಾನ್ ಕೇಬಲಿನ ಎರಡೂ ತುದಿ ಕಳಚಿಡಿ. ಮಿಂಚು ಬರುವಾಗ ಕೂತು ಮಾತಾಡುವಂಥ ಮೀಟಿಂಗ್ ಯಾವುದೂ ಇಲ್ಲ.

ಇನ್ನು ಕರೆಂಟು. ಆ ರೌಟರಿಗೆ ಬೇಕಾಗುವುದು ಎಂಟು, ಹತ್ತು ವ್ಯಾಟ್. 12 ವೋಲ್ಟ್, 7 ಎಎಚ್‌ನ (ಆಂಪಿಯರ್-ಗಂಟೆಯ) ಸಣ್ಣ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಗಂಟೆ ಇದೆ. ನಷ್ಟ, ಸವೆತ ಕಳೆದು ಐದಾರು ಗಂಟೆ ಓಡುತ್ತದೆ. ಮನೆಯ ದೊಡ್ಡ ಇನ್ವರ್ಟರಿಗೆ ರೌಟರನ್ನು ಸೇರಿಸಬೇಡಿ. ಟಿವಿ, ಮಿಕ್ಸಿ ಅಂತ ಎಲ್ಲರೂ ಸೇರಿ ಅದನ್ನು ಸಂಜೆಗೇ ಮಲಗಿಸಿರುತ್ತಾರೆ.

ಇಷ್ಟು ಮಾಡಿದರೂ ಒಂದು ವಿಷಯ ನಿಮ್ಮ ಕೈಯಲ್ಲಿಲ್ಲ. ಟವರಿಗೂ ಕರೆಂಟೇ ಆಹಾರ. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಮೊದಲು ಅದರ ಬ್ಯಾಟರಿ ಇಳಿಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ತರುವ ಗಾಡಿ ಆ ರಸ್ತೆಯಲ್ಲಿ ಬರಬೇಕು. ಎರಡು ಕಂಪನಿಯ ಸಿಮ್ ಇಟ್ಟುಕೊಂಡಿದ್ದೇನೆ ಎಂಬ ಧೈರ್ಯ ನಿಮಗಿರಬಹುದು. ಇಬ್ಬರ ಆಂಟೆನಾವೂ ಒಂದೇ ಟವರಿನಲ್ಲಿ ಕೂತಿದ್ದರೆ ಡೀಸೆಲ್ ಮುಗಿದ ದಿನ ಇಬ್ಬರೂ ಒಟ್ಟಿಗೇ ಮಲಗುತ್ತಾರೆ. ಯಾವ ಸಿಮ್ ಯಾವ ಗುಡ್ಡದ ಟವರಿನದ್ದು ಎಂದು ನೋಡಿ ಎರಡನೆಯದನ್ನು ತೆಗೆದುಕೊಳ್ಳಿ.

ಆದ್ದರಿಂದ ಮ್ಯಾನೇಜರ್ ಹತ್ತಿರ ಮಾತಾಡುವಾಗ 'ನೆಟ್ ಸರಿ ಮಾಡಿಸಿಕೊಂಡಿದ್ದೇನೆ' ಎನ್ನಬೇಡಿ. ನಿಮ್ಮ ಕೆಲಸವನ್ನು ಎರಡು ಕುಕ್ಕೆಗೆ ಹಾಕಿ ತೋರಿಸಿ: ನೆಟ್ ಇಲ್ಲದೆ ಆಗುವುದು ಇದು, ನೆಟ್ ಇದ್ದರೆ ಮಾತ್ರ ಆಗುವುದು ಇದು. ಪರೀಕ್ಷೆಯ ಪಟ್ಟಿ ಬರೆಯುವುದು, ವರದಿ ತಯಾರಿಸುವುದು, ಹಿಂದಿನ ದಿನವೇ ಇಳಿಸಿಕೊಂಡ ಕಡತ ನೋಡುವುದು, ಇದಕ್ಕೆಲ್ಲ ನೆಟ್ ಯಾಕೆ? ನಿಮ್ಮ ಕಂಪನಿ ರಿಮೋಟ್ ಡೆಸ್ಕ್‌ಟಾಪ್ ಕೊಟ್ಟಿದ್ದರೆ, ಅಂದರೆ ಕಂಪ್ಯೂಟರ್ ಬೆಂಗಳೂರಿನಲ್ಲಿದ್ದು ಪರದೆ ಮಾತ್ರ ನಿಮ್ಮ ಮುಂದಿದ್ದರೆ, ಒಂದು ಅಕ್ಷರ ಒತ್ತಲೂ ನೆಟ್ ಬೇಕು. ಕೆಲಸ ಲ್ಯಾಪ್‌ಟಾಪಿನಲ್ಲೇ ಆಗುವಂತೆ ಮಾಡಿಕೊಡಿ ಎಂದು ಕೇಳಿ. ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ. ಒಳ್ಳೆಯ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಬರೀ ಮಾತು 100 ಎಂಬಿಯೊಳಗೆ ಮುಗಿಯುತ್ತದೆ.

ಕೊನೆಗೆ ಒಟಿಪಿ ವಿಷಯ. ನೀವು ಬರೆದಿಲ್ಲ, ಆದರೆ ಇದು ಬಂದೇ ಬರುತ್ತದೆ. ನೆಟ್ ಒಂದು ಕ್ಷಣ ಹೋದರೆ ಆಫೀಸಿನ ವಿಪಿಎನ್, ಅಂದರೆ ಆಫೀಸಿನ ಜಾಲಕ್ಕೆ ಹೋಗುವ ಖಾಸಗಿ ದಾರಿ, ಕಡಿದು ಬೀಳುತ್ತದೆ. ಮತ್ತೆ ಒಳಗೆ ಹೋಗಲು ಒಟಿಪಿ ಕೇಳುತ್ತದೆ. ಒಟಿಪಿ ಬರುವುದು ಫೋನಿಗೆ, ಮನೆಯೊಳಗೆ ಫೋನಿಗೆ ನೆಟ್‌ವರ್ಕ್ ಇಲ್ಲ! ನನ್ನ ತಮ್ಮನ ಮಗಳು ಫೋನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಪೇರಳೆ ಮರಕ್ಕೆ ನೇತುಹಾಕಿ, ಒಟಿಪಿ ಬಂದಾಗೆಲ್ಲ ಕೊಡೆ ಹಿಡಿದು ಓಡುತ್ತಿದ್ದಳು. ಫೋನಿನ ಸೆಟ್ಟಿಂಗಿನಲ್ಲಿ ವೈ-ಫೈ ಕಾಲಿಂಗ್ ಎಂದಿರುತ್ತದೆ, ಅದನ್ನು ಆನ್ ಮಾಡಿದ ಮೇಲೆ ಕರೆಯೂ ಒಟಿಪಿಯೂ ಮನೆಯ ವೈ-ಫೈ ಮೂಲಕವೇ ಬರತೊಡಗಿದವು. ಈಗ ಆ ಡಬ್ಬಿಯಲ್ಲಿ ಕಾಳುಮೆಣಸು ಇಟ್ಟಿದ್ದಾರೆ.

ಭಾರೀ ಮಳೆಗೆ ಡಿಶ್ ಟಿವಿ ನಿಲ್ಲುತ್ತದೆ. ಮೊಬೈಲ್ ನೆಟ್‌ವರ್ಕ್ ಹೋಗುವುದೂ ಅದೇ ಕಾರಣಕ್ಕೋ? — ಭಾಗಮಂಡಲದ ಓದುಗರು

ಅಲ್ಲ. ಡಿಶ್ಶಿಗೆ ಬರುವ ಅಲೆ 11, 12 ಗಿಗಾಹರ್ಟ್ಸಿನದು, ಉದ್ದ ಎರಡೂವರೆ ಸೆಂಟಿಮೀಟರ್. ಮಳೆಹನಿ ಅದನ್ನು ಹೀರಿಬಿಡುತ್ತದೆ. 4ಜಿಯ 850 ಮೆಗಾಹರ್ಟ್ಸ್ ಅಲೆ ಮೂವತ್ತೈದು ಸೆಂಟಿಮೀಟರ್, ಅದಕ್ಕೆ ಮಳೆ ಲೆಕ್ಕಕ್ಕಿಲ್ಲ. ನೆನೆದ ಎಲೆಗಳ ದಟ್ಟ ತೋಟ ಸ್ವಲ್ಪ ಅಡ್ಡಿ ಮಾಡುತ್ತದೆ, ಹೌದು. ಆದರೆ ಟವರು ಹಿಂದಿನ ಟವರಿನೊಡನೆ ಮಾತಾಡುವುದು ಹೇಗೆ ನೋಡಿ. ಕೆಲವು ಕಡೆ ನೆಲದಡಿಯ ಫೈಬರ್, ಕೆಲವು ಕಡೆ ಡೋಲಿನಂತೆ ಕಾಣುವ ಮೈಕ್ರೋವೇವ್ ಡಿಶ್. ಆ ಡೋಲಿನ ಅಲೆಗೆ ಮಳೆ ತಾಗುತ್ತದೆ. ಆಗ ನಿಮ್ಮ ಫೋನಿನಲ್ಲಿ ಕಡ್ಡಿ ತುಂಬಾ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಫೈಬರ್ ಇದ್ದರೆ ಇನ್ನೊಂದು ಕಥೆ, ರಸ್ತೆ ಬದಿಯಲ್ಲಿ ಹೂತ ಕೇಬಲ್ ರಸ್ತೆ ಜರಿದರೆ ತಾನೂ ಜರಿಯುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಇಳಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂತಿ ಇಲ್ಲದ ಸಂಪರ್ಕ ಎಂದು ನಾವು ಕರೆಯುವುದರಲ್ಲಿ ತಂತಿ ಇಲ್ಲದ್ದು ಕೊನೆಯ ತುಂಡು ಮಾತ್ರ.

ಮೇಡಂ, ನನಗೆ 71 ವರ್ಷ. ಮಗ, ಸೊಸೆ ಇಬ್ಬರೂ ಮನೆಯಲ್ಲೇ ಇದ್ದು ಕೆಲಸ ಮಾಡುತ್ತಾರೆ. ಮಗನ ಕೆಲಸ ಆರು ಗಂಟೆಗೆ ಮುಗಿಯುತ್ತದೆ. ಸೊಸೆ ಬೆಳಿಗ್ಗೆಯೂ ಕೂರುತ್ತಾಳೆ, ರಾತ್ರಿ ಹತ್ತಕ್ಕೂ ಲ್ಯಾಪ್‌ಟಾಪ್ ಮುಂದೆಯೇ. ನಡುಮಧ್ಯಾಹ್ನ ಕೆಲವೊಮ್ಮೆ ಮಲಗಿರುತ್ತಾಳೆ. ನೆಂಟರು ಬಂದರೆ ಹತ್ತು ನಿಮಿಷ ಬಂದು ಕೂರಲು ಆಗುವುದಿಲ್ಲ ಎನ್ನುತ್ತಾಳೆ. ಕಳೆದ ಪುತ್ತರಿ ಹಬ್ಬಕ್ಕೆ ಗದ್ದೆಗೆ ಕದಿರು ತೆಗೆಯಲು ಹೋದಾಗ ಎಲ್ಲರೂ 'ಪೊಲಿ ಪೊಲಿ' ಎನ್ನುತ್ತಿದ್ದರೆ ಇವಳು ಫೋನಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದಳು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸ ಅಂತ ಹೇಳಿದ್ದರು. ಇದು ಎಂಥ ಕೆಲಸ? ಅವಳ ಕಂಪನಿಯ ಗಿರಾಕಿಗಳು ಅಮೆರಿಕದವರಂತೆ. — ಪೊನ್ನಂಪೇಟೆಯ ಓದುಗರು

ಅಣ್ಣ, ನಿಮ್ಮ ಪತ್ರದಲ್ಲಿ ಸಿಟ್ಟಿಗಿಂತ ಬೇಸರ ಜಾಸ್ತಿ ಕಂಡಿತು, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲು ಗಡಿಯಾರ. ಸೊಸೆಯ ಕಂಪನಿಯ ಗಿರಾಕಿಗಳು ಅಮೆರಿಕದವರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇಲ್ಲಿ ಸಂಜೆ ಏಳಾದಾಗ ನ್ಯೂಯಾರ್ಕಿನಲ್ಲಿ ಚಳಿಗಾಲಕ್ಕೆ ಬೆಳಿಗ್ಗೆ ಎಂಟೂವರೆ, ಬೇಸಿಗೆಗೆ ಒಂಬತ್ತೂವರೆ. ಅವರು ಕಾಫಿ ಕುಡಿದು ಕುರ್ಚಿಗೆ ಬರುವಾಗ ನಿಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಮಧ್ಯಾಹ್ನದ ನಿದ್ದೆ ಸೋಮಾರಿತನವಲ್ಲ, ಅವಳ ರಾತ್ರಿಯ ಒಂದು ತುಂಡು ಅದು.

ಆಮೇಲೆ ಹಸಿರು ಚುಕ್ಕೆ. ಆಫೀಸಿನವರು ಮಾತಾಡುವ ಆ್ಯಪಿನಲ್ಲಿ ಅವಳ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇರುತ್ತದೆ. ಕೆಲವು ಆ್ಯಪುಗಳಲ್ಲಿ ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಅದು ಹಳದಿಗೆ ತಿರುಗುತ್ತದೆ. ಜಗಲಿಗೆ ಬಂದು ನೆಂಟರ ಜೊತೆ ಹತ್ತು ನಿಮಿಷ ಕೂತರೆ ಬೆಂಗಳೂರಿನಲ್ಲಿ ಯಾರೋ 'ಇವಳು ಸೀಟಿನಲ್ಲಿಲ್ಲ' ಎಂದು ನೋಡುತ್ತಾರೆ. ತೋಟದಲ್ಲಿ ಮೇಸ್ತ್ರಿ ಕಣ್ಣು ತಪ್ಪಿಸಿ ಎಲೆ ಅಡಿಕೆ ಹಾಕಿಕೊಳ್ಳಲಾದರೂ ಆಗುತ್ತದೆ, ಈ ಮೇಸ್ತ್ರಿಯ ಕಣ್ಣು ತಪ್ಪಿಸುವುದು ಕಷ್ಟ.

ನಾನು ಊರಿಂದೂರಿಗೆ ಕಾಲ್ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದ ಕಾಲದ ಒಂದು ವಿಷಯ ಹೇಳುತ್ತೇನೆ. ಮಂಗಳೂರಿಗೆ ಕಾಫಿ ವ್ಯಾಪಾರಿಗಳ ಕಾಲ್ ಬುಕ್ ಆಗುತ್ತಿತ್ತು. ಆರ್ಡಿನರಿ, ಅರ್ಜೆಂಟ್, ಅದಕ್ಕೂ ಮೇಲೆ ಲೈಟ್ನಿಂಗ್. ಮೂರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ 'ಮೂರು ನಿಮಿಷ ಆಯ್ತು' ಎನ್ನಬೇಕು. ಎದ್ದು ನೀರು ಕುಡಿಯಲೂ ಕೇಳಿ ಹೋಗಬೇಕು. ಆ ಕುರ್ಚಿ ಜೈಲೇ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಮುಂದಿನ ಪಾಳಿಯವಳು ಬಂದು ಹಿಂದೆ ನಿಲ್ಲುತ್ತಿದ್ದಳು. ನನ್ನ ಹೆಡ್‌ಸೆಟ್ ಕಳಚಿ ಅವಳ ಕೈಗೆ ಕೊಡುತ್ತಿದ್ದೆ, ಕಿವಿಯ ಮೇಲಿನ ಬಿಸಿ ಇನ್ನೂ ಇರುತ್ತಿತ್ತು. ಕೊಟ್ಟ ಮೇಲೆ ಮರುದಿನ ಬೆಳಿಗ್ಗೆವರೆಗೆ ಯಾವ ವ್ಯಾಪಾರಿ ಎಷ್ಟು ಲೈಟ್ನಿಂಗ್ ಬುಕ್ ಮಾಡಿದರೂ ನನಗೆ ಸಂಬಂಧವಿಲ್ಲ. ನಿಮ್ಮ ಸೊಸೆಗೆ ಕುರ್ಚಿ ಎಲ್ಲಿ ಬೇಕಾದರೂ ಹಾಕಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು, ಹೆಡ್‌ಸೆಟ್ ಕಳಚಿ ಕೊಡಲು ಹಿಂದೆ ಯಾರೂ ಬಂದು ನಿಲ್ಲಲಿಲ್ಲ. ಪುತ್ತರಿ ಗದ್ದೆಯಲ್ಲಿ ಅವಳ ಕೈಯಲ್ಲಿದ್ದದ್ದು ಫೋನಲ್ಲ ಅಣ್ಣ, ಆ ಹೆಡ್‌ಸೆಟ್.

ಇದು ನಿಮ್ಮ ಮನೆಯ ತೊಂದರೆ ಮಾತ್ರ ಅಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಸಂದೇಶಕ್ಕೆ ಉತ್ತರಿಸದಿರುವ ಹಕ್ಕು ಎಂದು ಫ್ರಾನ್ಸ್ 2017ರ ಜನವರಿಯಿಂದ ಕಾನೂನು ತಂದಿದೆ, ಆಸ್ಟ್ರೇಲಿಯಾ 2024ರ ಆಗಸ್ಟಿನಿಂದ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಕಂಪನಿಗಳಿಗೆ ಮಾತ್ರ ದಾರಿ ಬೇಗ ತೆರೆಯಿತು. ಕಾಲ್ ಸೆಂಟರ್, ಬಿಪಿಒದವರು ಸಿಬ್ಬಂದಿಯನ್ನು ಮನೆಯಿಂದ ಕೆಲಸ ಮಾಡಿಸಬೇಕಾದರೆ ಇದ್ದ ಹತ್ತೆಂಟು ಷರತ್ತುಗಳನ್ನು ದೂರಸಂಪರ್ಕ ಇಲಾಖೆ 2020ರ ನವೆಂಬರಿನಲ್ಲಿ ಸಡಿಲಿಸಿತು. ಕೆಲಸ ಮನೆಗೆ ಬರಲು ನಿಯಮ ಬಂತು. ಮನೆಯಿಂದ ಹೊರಗೆ ಹೋಗಲು ಇನ್ನೂ ಬಂದಿಲ್ಲ.

ನೀವು ಮಾಡಬಹುದಾದದ್ದು ಇದೆ. ಅವಳ ಕೆಲಸದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆಸಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿಲ್ಲ, ಗೋಣಿಕೊಪ್ಪಕ್ಕೆ ಬಸ್ಸಿನಲ್ಲಿ ಹೋಗಿದ್ದಾಳೆ ಎಂದುಕೊಳ್ಳಿ. ಮಗನಿಗೂ ಒಂದು ಮಾತು ಹೇಳಿ. ಅವನೂ ಮನೆಯಲ್ಲೇ ಕೆಲಸ ಮಾಡುವವನು. ನೆಂಟರು ಬಂದಾಗ ಸೊಸೆ ಹೊರಗೆ ಬರಲಿಲ್ಲ ಎಂದು ಬರೆದಿರಿ, ಮಗ ಬಂದನೋ ಇಲ್ಲವೋ ಬರೆಯಲಿಲ್ಲ. ಚಹಾ ಅವನು ಮಾಡಿದರೂ ಕುದಿಯುತ್ತದೆ. ಮುಂದಿನ ಪುತ್ತರಿಗೆ ಆ ಒಂದು ರಾತ್ರಿ ರಜೆ ಹಾಕಲು ಈಗಲೇ ಅವಳಿಗೆ ಹೇಳಿಡಿ, ತಿಂಗಳ ಮುಂಚೆ ಕೇಳಿದ ರಜೆಯನ್ನು ಇಲ್ಲ ಎನ್ನುವುದು ಯಾವ ಮ್ಯಾನೇಜರಿಗೂ ಕಷ್ಟ.

ಮಡಿಕೇರಿಯಲ್ಲಿ ಕೆಲಸ, ಸುಂಟಿಕೊಪ್ಪ ಹತ್ತಿರ ರೊಬಸ್ಟಾ ಕಾಫಿ ತೋಟ. ಹೂವಿಗೆ ನೀರು ಹಾಯಿಸುವ ಸಮಯದಲ್ಲಿ ಪ್ರತಿ ರಾತ್ರಿ ಪಂಪ್ ಹಾಕಲು ಓಡಾಡಿ ಸಾಕಾಗಿದೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ಮನೆಯಲ್ಲಿ ಕೂತೇ ಆಗುತ್ತದೆಯೇ? — ಮಡಿಕೇರಿಯ ಓದುಗರು

ಆಷಾಢದ ಮಳೆಯಲ್ಲಿ ಕೂತು ಫೆಬ್ರವರಿಯ ನೀರಿನ ಯೋಚನೆ ಮಾಡುವವರು ನೀವೊಬ್ಬರೇ ಇರಬೇಕು. ಸಂತೋಷ. ಮೊಬೈಲ್ ಸ್ಟಾರ್ಟರ್ ನನ್ನಲ್ಲಿ ಎರಡು ವರ್ಷದಿಂದ ಇದೆ. ಮೂರು ಫೇಸ್ ಕರೆಂಟ್ ರಾತ್ರಿ ಒಂದೂವರೆಗೆ ಬಂದರೂ ಫೋನಿಗೆ ಕರೆ ಬರುತ್ತದೆ, ಮಲಗಿದಲ್ಲೇ ಗುಂಡಿ ಒತ್ತಿ ಪಂಪ್ ಹಾಕಬಹುದು. ನೀರಿಲ್ಲದೆ ಓಡಿದರೆ, ಒಂದು ಫೇಸ್ ಹೋದರೆ ತಾನೇ ನಿಲ್ಲುವ ಮಾದರಿಯನ್ನೇ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಮೋಟರ್ ಸುಟ್ಟ ಸುದ್ದಿಯೂ ಮನೆಯಲ್ಲಿ ಕೂತೇ ಸಿಗುತ್ತದೆ. ಹಳೆಯ ಮಾದರಿಗಳು 2ಜಿಯಲ್ಲಿ ಮಾತ್ರ ಓಡುತ್ತವೆ, 2ಜಿಯೇ ಇಲ್ಲದ ಕಂಪನಿಯ ಸಿಮ್ ಹಾಕಿ ಸ್ಟಾರ್ಟರ್ ಕೆಟ್ಟಿದೆ ಎನ್ನಬೇಡಿ. ಆ ಸಿಮ್ಮಿಗೆ ರೀಚಾರ್ಜ್ ಮಾಡುವ ದಿನ ಬರೆದಿಡಿ. ನಾನು ಮರೆತು ಮೊದಲ ವರ್ಷ ಮೂರು ರಾತ್ರಿ ಕಳೆದುಕೊಂಡೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ನೀರು ಚಿಮ್ಮುವ ಜೆಟ್ ಒಂದು ಜಾಗದಲ್ಲಿ ಮೂರು, ನಾಲ್ಕು ಗಂಟೆ ಸುತ್ತಿದ ಮೇಲೆ ಪೈಪ್ ಕಳಚಿ ಮುಂದಿನ ಜಾಗಕ್ಕೆ ಹೊರಬೇಕು. ಅದು ಫೋನಿನಿಂದ ಆಗುವುದಿಲ್ಲ. ಪಂಪ್ ಹಾಕುವ ಗುಂಡಿ ನಿಮ್ಮ ಹಾಸಿಗೆಗೆ ಬಂತು, ಪೈಪ್ ಹೊರುವವನು ಕಾರ್ಮಿಕರ ಲೈನ್ ಮನೆಯಿಂದ ಟಾರ್ಚ್ ಹಿಡಿದು ಆನೆಯ ಭಯದಲ್ಲಿ ಹೋಗುವವನೇ. ನಾನು ಈಗ ರಾತ್ರಿ ಒಂದೇ ಜಾಗಕ್ಕೆ ಬಿಟ್ಟು, ಪೈಪ್ ಬದಲಿಸುವುದನ್ನು ಬೆಳಗಾದ ಮೇಲೆ ಇಟ್ಟುಕೊಂಡಿದ್ದೇನೆ. ಎರಡು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ನಮ್ಮ ಹಳೆಯ ಮನೆಯ ಹೋಮ್‌ಸ್ಟೇಗೆ ಬರುವವರು ಈಗ ಲ್ಯಾಪ್‌ಟಾಪ್ ತಂದು ವಾರಗಟ್ಟಲೆ ಇರುತ್ತಾರೆ. 100 ಎಂಬಿಪಿಎಸ್ ಫೈಬರ್ ಇದ್ದರೂ ಕೋಣೆಯಲ್ಲಿ ವೈ-ಫೈ ಸಿಗುವುದಿಲ್ಲ ಎಂದು ದೂರು. 300ಕ್ಕೆ ಏರಿಸಲೇ? — ಮಡಿಕೇರಿ

ಗೋಡೆ ಎಷ್ಟು ದಪ್ಪ? ಹಳೆಯ ಮನೆ ಎಂದಿದ್ದೀರಿ, ಒಂದೂವರೆ ಅಡಿ ಕಲ್ಲುಗೋಡೆ ಇರಬೇಕು. 300ಕ್ಕೆ ಏರಿಸಿದರೂ ಗೋಡೆಯ ಆಚೆಗೆ ಅದೇ ಕಥೆ. 5 ಗಿಗಾಹರ್ಟ್ಸ್ ವೈ-ಫೈ ವೇಗ ಹೆಚ್ಚು, ಗೋಡೆ ದಾಟುವುದು ಕಡಿಮೆ. 2.4 ಗಿಗಾಹರ್ಟ್ಸಿನದು ದಾಟುತ್ತದೆ, ನಿಧಾನ. ಅಟ್ಟದ ಮೇಲಿಂದ ಕೋಣೆ ಕೋಣೆಗೂ ಲ್ಯಾನ್ ಕೇಬಲ್ ಎಳೆಸಿ ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈ-ಫೈ ಹರಡುವ ಸಣ್ಣ ಪೆಟ್ಟಿಗೆ, ಇಡಿ. ತಂತಿ ಕಾಣುತ್ತದೆ ಎಂದು ಹಿಂಜರಿಯಬೇಡಿ. ಒಂದು ಮೇಜು, ಬೆನ್ನು ಆನುವ ಕುರ್ಚಿಯನ್ನೂ ಇಡಿ. ಮಂಚದ ಮೇಲೆ ಕೂತು ಒಂದು ವಾರ ಕೆಲಸ ಮಾಡಿದವರು ಎರಡನೇ ವಾರಕ್ಕೆ ಉಳಿಯುವುದಿಲ್ಲ.

ವೈ-ಫೈ ಎಂದರೆ 'ವೈರ್‌ಲೆಸ್ ಫಿಡೆಲಿಟಿ' ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟರು, ಸರಿಯೇ? — ಕುಶಾಲನಗರದ ವಿದ್ಯಾರ್ಥಿನಿ

ಅದು ಯಾವುದರ ಸಂಕ್ಷೇಪವೂ ಅಲ್ಲ ಮಗಳೇ. ತಂತಿಯಿಲ್ಲದ ಜಾಲಕ್ಕೆ 802.11 ಎಂಬ ಮಾನದಂಡ 1997ರಲ್ಲಿ ಬಂತು, ಆಗ ಅದರ ವೇಗ 2 ಎಂಬಿಪಿಎಸ್. ಅಂಥ ಹೆಸರಿನಿಂದ ಯಾರೂ ಪೆಟ್ಟಿಗೆ ಕೊಳ್ಳುವುದಿಲ್ಲ ಎಂದು 1999ರಲ್ಲಿ ಹೆಸರಿಡುವ ಕಂಪನಿಯೊಂದಕ್ಕೆ ದುಡ್ಡು ಕೊಟ್ಟು ವೈ-ಫೈ ಎಂದು ಇಡಿಸಿದರು. ಪರೀಕ್ಷೆಯಲ್ಲಿ ಮಾತ್ರ ಮೇಷ್ಟ್ರು ಹೇಳಿದ್ದನ್ನೇ ಬರೆದು ಅಂಕ ತೆಗೆದುಕೊ.

ಉಪಗ್ರಹದ ಇಂಟರ್ನೆಟ್ ಬರುತ್ತದಂತೆ. ಟವರೂ ಬೇಡ, ಫೈಬರೂ ಬೇಡ. ನಮ್ಮ ಮನೆಯ ಸುತ್ತ ಐವತ್ತು ಅಡಿಯ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ. ಅದಕ್ಕೇ ಕಾಯಲೇ? — ಗಾಳಿಬೀಡು ಕಡೆಯ ಬೆಳೆಗಾರರು

ಹಳೆಯ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಪ್ರಶ್ನೆ ಕೇಳಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ, ಫೋನಿನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿ ಇಬ್ಬರೂ ಒಟ್ಟಿಗೇ ಸುಮ್ಮನಾಗುತ್ತಾರೆ. ಸ್ಟಾರ್‌ಲಿಂಕ್ ಕಂಪನಿಯಂಥವರ ಹೊಸ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುತ್ತವೆ, ಆ ತೊಂದರೆ ಇಲ್ಲ. ಸ್ಟಾರ್‌ಲಿಂಕ್‌ಗೆ ಭಾರತದ ಪರವಾನಗಿ 2025ರ ಜೂನಿನಲ್ಲಿ ಸಿಕ್ಕಿದೆ. ಟವರಿನ ಡೀಸೆಲಿಗೆ ಕಾಯಬೇಕಾಗಿಲ್ಲ ಎನ್ನುವುದು ನಿಜ. ಆದರೆ ಅದರ ತಟ್ಟೆಯಂಥ ಆಂಟೆನಾಕ್ಕೆ ಬೇಕಾದದ್ದು ನಿಮ್ಮಲ್ಲಿ ಇದೆಯೇ ನೋಡಿ: ತೆರೆದ ಆಕಾಶ. ಉಪಗ್ರಹ ಒಂದೇ ಕಡೆ ನಿಲ್ಲುವುದಿಲ್ಲ, ಆಕಾಶದ ಉದ್ದಕ್ಕೂ ಓಡುತ್ತಿರುತ್ತದೆ, ನಡುವೆ ಒಂದು ಮರ ಬಂದರೂ ಸಾಲು ಕಡಿಯುತ್ತದೆ. ಮನೆಯ ಸುತ್ತ ಐವತ್ತು ಅಡಿಯ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ ಎಂದು ನೀವೇ ಬರೆದಿದ್ದೀರಿ. ಮರಕ್ಕೆ ಕತ್ತಿ ಹಾಕಬೇಡಿ, ಫಸಲು ಕೊಡುವ ಬಳ್ಳಿ ಅದು. ನೀವೂ ನಾಪೋಕ್ಲು ತಂಗಿಯ ಹಾಗೆ ಮೊದಲು ಕಣಕ್ಕೆ ಹೋಗಿ, ನಡುವೆ ನಿಂತು ತಲೆ ಎತ್ತಿ ಒಂದು ಸುತ್ತು ತಿರುಗಿ. ಎಷ್ಟು ಆಕಾಶ ಕಂಡಿತು ಎಂದು ಬರೆದು ಕಳಿಸಿದರೆ ಮುಂದಿನದನ್ನು ಹೇಳುತ್ತೇನೆ. ಮಳೆ ಬಿಟ್ಟ ಮೇಲೆ ಹೋಗಿ.